ಮಸೆಗಲ್ಲಿನ ಉಂಗುರ

ಚಿನ್ನದಂಗಡಿಯಲ್ಲಿ ಕೂತು "ನನ್ನ ಹತ್ರ ಒಂದು ಕಲ್ಲಿದೆ, ಅದನ್ನ ಕೂರಿಸಿ ಉಂಗುರ ಮಾಡಿಕೊಡ್ತೀರಾ" ಅಂತ ಕೇಳಿದರೆ ಎದುರಿಗಿದ್ದವರ ಮುಖ ಒಂಥರಾ ಆಗುತ್ತದೆ. ಅದು ನಮ್ಮಪ್ಪ ಕುಡುಗೋಲು ಮಸೆಯುವ ಕಲ್ಲು ಅಂತ ಸೇರಿಸಿದರಂತೂ, ಕಾಫಿ ತರಲು ಹೊರಟ ಹುಡುಗನನ್ನು ಸನ್ನೆ ಮಾಡಿ ವಾಪಸ್ ಕರೆಯುತ್ತಾರೆ. ನಿಶ್ಚಿತಾರ್ಥಕ್ಕೆ ಮೂರು ತಿಂಗಳಿದ್ದಾಗ ಬೆಂಗಳೂರಿನಲ್ಲಿ ಮೂರು, ಮೈಸೂರಿನ ಅಶೋಕ ರಸ್ತೆಯಲ್ಲಿ ಎರಡು ಅಂಗಡಿ ಹತ್ತಿ ಇಳಿದಾಗ ಗೊತ್ತಾದ ವಿಷಯ ಇದು. ಐದನೆಯವರು ಮಾತ್ರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಲ್ಲನ್ನು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ದನಿ ತಗ್ಗಿಸಿ "ಎಲ್ಲಿಂದ ತಂದ್ರಿ?" ಅಂದರು. ಸುಳ್ಯ, ಮಡಿಕೇರಿ ಕಡೆಯ ಕಾಡುಗಳಲ್ಲಿ ಕದ್ದು ಹರಳುಕಲ್ಲು ಅಗೆದವರ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಿರುತ್ತದಲ್ಲ, ಅವರ ಅನುಮಾನ ಅವರದು. "ನಮ್ಮ ಹೊಲದ್ದು ಸಾರ್" ಅಂದೆ. ಮೆಟ್ಟಿಲಿಳಿಯುವಾಗ ಹೊಳೆಯಿತು, ಆ ಹೊಲ ಈಗ ನಮ್ಮದಲ್ಲ.

ನಮ್ಮೂರು ಸರಗೂರು ಕಡೆ. ಅಲ್ಲಿಯ ಬಂಡೆಗಳ ಪಟ್ಟಿ ಮುನ್ನೂರು ಕೋಟಿ ವರ್ಷಕ್ಕೂ ಹಳೆಯದು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ನಮಗೆ ಗೊತ್ತಿದ್ದದ್ದು ಇಷ್ಟೇ: ಉಳುವಾಗ ನೇಗಿಲಿಗೆ ಅಪರೂಪಕ್ಕೊಂದು ವಿಚಿತ್ರ ಕಲ್ಲು ಸಿಗುತ್ತದೆ. ಚಿಕ್ಕ ಪೀಪಾಯಿಯ ಆಕಾರ, ಆರು ಮಗ್ಗುಲು, ಗಾತ್ರಕ್ಕೆ ಮೀರಿದ ತೂಕ. ಅಪ್ಪನಿಗೆ ಸಿಕ್ಕಿದ್ದು ಹೆಬ್ಬೆಟ್ಟಿನಷ್ಟು. ಬಣ್ಣ ಹೇಳಬೇಕೆಂದರೆ, ನಿನ್ನೆಯ ಬೀಟ್‌ರೂಟ್ ಪಲ್ಯ. ಅದನ್ನು ಕೊಟ್ಟಿಗೆ ಗೋಡೆಯ ಗೂಡಿನಲ್ಲಿ ಇಟ್ಟಿದ್ದರು. ಸಂಜೆ ದನಕ್ಕೆ ಹುಲ್ಲು ಕೊಯ್ಯಲು ಹೋಗುವ ಮುಂಚೆ ಎರಡು ಹನಿ ನೀರು ಹಾಕಿ ಕುಡುಗೋಲು ಮಸೆಯುತ್ತಿದ್ದರು. ನಾನು ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು.

ಆ ಕಲ್ಲಿಗೆ ಕನ್ನಡದಲ್ಲಿ ಕುರುಂದ ಅನ್ನುತ್ತಾರೆ. ಇಂಗ್ಲಿಷಿನ ಕೊರಂಡಮ್ ಹುಟ್ಟಿದ್ದು ತಮಿಳಿನ ಕುರುಂದಂನಿಂದ. ಅಲ್ಯೂಮಿನಿಯಂ ಮತ್ತು ಆಮ್ಲಜನಕ, ಅಷ್ಟೇ ಅದರ ಬಂಡವಾಳ. ಅದರಲ್ಲಿ ಚೂರು ಕ್ರೋಮಿಯಂ ಸೇರಿ ಕೆಂಪಾದರೆ ಮಾಣಿಕ್ಯ. ಕಬ್ಬಿಣ, ಟೈಟಾನಿಯಂ ಸೇರಿ ನೀಲಿಯಾದರೆ ನೀಲಮಣಿ. ಮಣ್ಣು ಬಣ್ಣಕ್ಕೆ ಬಂದು ಮಬ್ಬಾದರೆ ಸಾಣೆ ಹಿಡಿಯುವ ಪುಡಿ. ಮೂರೂ ಒಂದೇ ಖನಿಜ. ಗಡಸುತನದ ಮೋಸ್ ಮಾಪನದಲ್ಲಿ ವಜ್ರ 10, ಇದು 9, ಉಕ್ಕು ಆರೋ ಏಳೋ. ಇದನ್ನು ಓದಿದ ದಿನ ಊರಿಗೆ ಹೋದಾಗ ಅಪ್ಪನ ಕಲ್ಲನ್ನು ಬೆಳಕಿಗೆ ಹಿಡಿದು ನೋಡಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಮಸೆದಿದ್ದಾರೆ, ಸವೆದಿರಲಿಲ್ಲ. ಮಸೆಯುವ ಮುಖದ ಮೇಲೆ ಕಪ್ಪು ಗೆರೆಗಳಿದ್ದವು, ಪೆನ್ಸಿಲ್ಲಿನಲ್ಲಿ ಗೀಚಿದ ಹಾಗೆ. ಅದು ಕುಡುಗೋಲಿನ ಕಬ್ಬಿಣ. ಎಷ್ಟು ಕುಡುಗೋಲುಗಳನ್ನು ಅದು ತಿಂದು ಹಾಕಿದೆಯೋ.

ಇನ್ನು ಉಂಗುರದ ವಿಷಯ. ನಮ್ಮ ಕಡೆ ಮದುವೆ ಒಪ್ಪಿಗೆ ಅಂದರೆ ಎಲೆ ಅಡಿಕೆ ಬದಲಾಯಿಸೋದು. ಉಂಗುರ ಅಂದರೆ ಕಾಲುಂಗುರ, ಅದು ಮದುವೆಯ ದಿನಕ್ಕೆ. ಇವಳು ಬೆಂಗಳೂರಿನಲ್ಲಿ ಬೆಳೆದವಳು, ಇವಳ ಅಮ್ಮನಿಗೆ ನಿಶ್ಚಿತಾರ್ಥಕ್ಕೆ ವಜ್ರ ಇರಲೇಬೇಕಿತ್ತು. ವಜ್ರವೇ ಶಾಶ್ವತ ಅನ್ನುವ ಘೋಷವಾಕ್ಯವನ್ನು ಡಿ ಬಿಯರ್ಸ್ ಕಂಪನಿಗಾಗಿ 1947ರಲ್ಲಿ ಫ್ರಾನ್ಸಿಸ್ ಗೆರೆಟಿ ಅನ್ನುವ ಜಾಹೀರಾತು ಬರಹಗಾರ್ತಿ ಬರೆದಳು ಅಂತ ನಾನು ಊಟದ ಟೇಬಲ್ಲಿನಲ್ಲಿ ಜ್ಞಾನ ಪ್ರದರ್ಶನ ಮಾಡಿದೆ. ಭಾವಿ ಅತ್ತೆ "ಹೌದಾ? ಚೆನ್ನಾಗಿ ಬರ್ದಿದಾರೆ" ಅಂದರು. ಅಲ್ಲಿಗೆ ಆ ವಾದ ಮುಗಿಯಿತು. ವಜ್ರಕ್ಕೆ ನನ್ನ ವಿರೋಧವೇನಿಲ್ಲ, ದುಡ್ಡಿನ ಚಿಂತೆಯೂ ಅಷ್ಟಿರಲಿಲ್ಲ. ಅಪ್ಪನ ಕಲ್ಲು ತಲೆಯಲ್ಲಿ ಕೂತುಬಿಟ್ಟಿತ್ತು, ಅಷ್ಟೇ.

ಊರಿನಿಂದ ತಂದು ಮೊದಲು ಅದು ಏನು ಅಂತ ಖಚಿತ ಮಾಡಿಕೊಳ್ಳಬೇಕಿತ್ತು. ಆನ್‌ಲೈನಿನಲ್ಲಿ ಜೇಬಿಗೆ ಹಿಡಿಯುವ ಡಿಜಿಟಲ್ ತಕ್ಕಡಿ ತರಿಸಿದೆ. ಗಾಳಿಯಲ್ಲಿ ತೂಗಿದರೆ 21.4 ಗ್ರಾಂ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಿದರೆ 5.4. ಭಾಗಿಸಿದರೆ ನಾಲ್ಕರ ಹತ್ತಿರ. ಆರ್ಕಿಮಿಡೀಸ್‌ನನ್ನು ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಬಳಸಿದ್ದು ಇದೇ ಮೊದಲು. ಮಾಣಿಕ್ಯದ ಸಾಂದ್ರತೆ ನಾಲ್ಕರ ಆಸುಪಾಸು, ಆದರೆ ನಮ್ಮ ಕಡೆ ಸಿಗುವ ಕೆಂಪು ಗಾರ್ನೆಟ್ಟಿನದೂ ಬಹುತೇಕ ಅಷ್ಟೇ. ಬೇರೆ ಮಾಡುವುದು ಆಕಾರ: ಗಾರ್ನೆಟ್ ಚೆಂಡಿನ ಹಾಗೆ ಗುಂಡಗೆ ಹಲವು ಮುಖಗಳಾಗಿ ಬೆಳೆಯುತ್ತದೆ, ಕುರುಂದ ಆರು ಮಗ್ಗುಲಿನ ಕಂಬದ ಹಾಗೆ. ಆಮೇಲೆ ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಬಿಟ್ಟೆ. ಕತ್ತಲ ಕೋಣೆಯಲ್ಲಿ ಆ ಬೀಟ್‌ರೂಟ್ ಪಲ್ಯ ಅಲ್ಲಲ್ಲಿ ಕೆಂಡದ ಹಾಗೆ ಕೆಂಪಾಯಿತು. ಕ್ರೋಮಿಯಂ ಇದೆ ಅಂತ ಅರ್ಥ. ಗಾರ್ನೆಟ್ ಹಾಗೆ ಹೊಳೆಯುವುದಿಲ್ಲ.

ಅಂದರೆ ಅಪ್ಪ ಇಷ್ಟು ವರ್ಷ ಮಾಣಿಕ್ಯದ ಮೇಲೆ ಕುಡುಗೋಲು ಮಸೆದಿದ್ದಾರೆ. ಕೇಳಿದರೆ ಸಿನಿಮಾ ಕಥೆ, ಬೆಲೆ ನೋಡಿದರೆ ಏನೂ ಅಲ್ಲ. ಬೆಳಕು ತೂರದ ಇಂಥ ಮಬ್ಬು ಮಾಣಿಕ್ಯ ಮೈಸೂರು ಸೀಮೆಯಲ್ಲಿ ಹಿಂದಿನಿಂದಲೂ ಸಿಗುತ್ತದೆ, ತೂಕದ ಲೆಕ್ಕದಲ್ಲಿ ಅಗ್ಗಕ್ಕೆ ಮಣಿ ಸರ ಮಾಡಿ ಮಾರುತ್ತಾರೆ. ಆದರೆ ಇದಕ್ಕೊಂದು ಗುಟ್ಟಿದೆ. ಕಲ್ಲಿನೊಳಗೆ ರುಟೈಲ್ ಎಂಬ ಖನಿಜದ ಕೂದಲಿಗಿಂತ ಸಣ್ಣ ಸೂಜಿಗಳಿರುತ್ತವೆ. ರುಟೈಲ್ ಅಂದರೆ ಟೈಟಾನಿಯಂ ಡೈಆಕ್ಸೈಡ್, ಗೋಡೆಗೆ ಹೊಡೆಯುವ ಬಿಳಿ ಪೇಂಟಿನಲ್ಲಿ ಇರುವ ಪದಾರ್ಥ. ಈ ಸೂಜಿಗಳು ಮೂರೇ ದಿಕ್ಕಿನಲ್ಲಿ, ಒಂದಕ್ಕೊಂದು 60 ಡಿಗ್ರಿ ಕೋನದಲ್ಲಿ ಮಲಗಿರುತ್ತವೆ. ಕಲ್ಲನ್ನು ಸರಿಯಾದ ದಿಕ್ಕಿನಲ್ಲಿ ಗುಮ್ಮಟದ ಹಾಗೆ ಉಜ್ಜಿ, ಮೇಲೆ ಒಂದೇ ಒಂದು ದೀಪ ಹಿಡಿದರೆ ಪ್ರತಿ ಗುಂಪು ಒಂದು ಬೆಳ್ಳಿಗೆರೆ ಮೂಡಿಸುತ್ತದೆ. ಮೂರು ಗೆರೆ ಸೇರಿ ಆರು ಕಿರಣದ ನಕ್ಷತ್ರ. ಕಲ್ಲು ಅಲ್ಲಾಡಿಸಿದರೆ ನಕ್ಷತ್ರವೂ ಓಡಾಡುತ್ತದೆ. ಈ ಸೂಜಿಗಳ ಗುಂಪಿಗೆ ರತ್ನಶಾಸ್ತ್ರದವರು ಇಟ್ಟ ಹೆಸರು ಸಿಲ್ಕ್.

(ಇಲ್ಲಿ ಒಂದು ಸಣ್ಣ ಎಚ್ಚರಿಕೆ. ಕಡಿಮೆ ಬೆಲೆಗೆ ಫಳಫಳ ಅನ್ನುವ ದೊಡ್ಡ ಕೆಂಪು ಹರಳು ಸಿಕ್ಕರೆ ಖುಷಿಪಡುವ ಮುಂಚೆ ಪ್ರಯೋಗಾಲಯದ ವರದಿ ಕೇಳಿ. ಬಿರುಕುಗಳಿಗೆ ಸೀಸದ ಗಾಜು ತುಂಬಿಸಿ ಮಾರುವ ಮಾಣಿಕ್ಯಗಳಿವೆ. ಆ ಗಾಜು ನಿಂಬೆರಸಕ್ಕೇ ಹಾಳಾಗುತ್ತದೆ. ಚಿತ್ರಾನ್ನ ಕಲಸುವ ಕೈಗೆ ಅದು ಬೇಡ.)

ಕಷ್ಟದ ಕೆಲಸ ಇದ್ದದ್ದು ಅಪ್ಪನನ್ನು ಕೇಳೋದು. ಪರೀಕ್ಷೆಗೆ ಅಂತ ತಂದಿದ್ದೆ, ಕತ್ತರಿಸಲು ಕೇಳಿರಲಿಲ್ಲ. ಕಲ್ಲು ಸಿಕ್ಕಿದ್ದು ಹಳ್ಳದ ಹೊಲದಲ್ಲಿ. 2008ರಲ್ಲಿ ನಾನು ಬಿ.ಇ. ಸೇರಿದೆ, ಆ ಬೇಸಿಗೆಯಲ್ಲೇ ಹಳ್ಳದ ಹೊಲ ಹೋಯಿತು, ಒಂದೂವರೆ ಎಕರೆ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಅಪ್ಪ ಊರಿಗೆ ಬಸ್ಸಿಳಿದು ಬರುವಾಗ ಆ ಬದು ದಾರಿ ಬಿಟ್ಟು ಸುತ್ತಿಕೊಂಡು ಬರುತ್ತಾರೆ. ಸುತ್ತು ದಾರಿಯಲ್ಲಿ ನೆರಳಿದೆ ಅನ್ನುವುದು ಅವರ ವಿವರಣೆ.

ಜಗಲಿ ಮೇಲೆ ಕೂತಿದ್ದಾಗ ವಿಷಯ ಹೇಳಿದೆ. "ಅದ್ನ ಯಾಕ್ಲಾ ಉಂಗ್ರಕ್ಕೆ? ಅದೇನ್ ಚೆಂದಾಗದೆ?" ಅಂದರು. ನಕ್ಷತ್ರದ ಕಥೆ, ಮಾಣಿಕ್ಯದ ಕಥೆ ಎಲ್ಲಾ ಹೇಳಿದೆ. ಮಾಣಿಕ್ಯ ಅಂದ ತಕ್ಷಣ ಬೀಡಿ ಹಿಡಿದ ಕೈ ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಅಂಗಾರೆ ಹಳ್ಳದ ಹೊಲ್ದಲ್ಲಿ ಇನ್ನೂ ಅವೆ ಅಂತೀಯ?"

"ಇರಬಹುದು."

"ಬೆಲೆ ಎಷ್ಟಾದದು?"

ಆಗ ನನಗೆ ಅವರು ಕೇಳುತ್ತಿರುವುದು ಏನು ಅಂತ ಅರ್ಥವಾಯಿತು. ಇಂಥ ಕಲ್ಲಿಗೆ ದೊಡ್ಡ ಬೆಲೆಯಿಲ್ಲ ಅಂತ ಅಂಗಡಿಯವರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಬೆಳಕು ತೂರಬೇಕು, ಬಿರುಕಿರಬಾರದು, ಬಣ್ಣ ಪಾರಿವಾಳದ ರಕ್ತದಂತಿರಬೇಕು, ನಮ್ಮದು ಯಾವುದರಲ್ಲೂ ಪಾಸಾಗಲ್ಲ ಅಂದೆ. ಅವರು ಬೀಡಿ ಒಂದು ದಮ್ ಎಳೆದು "ಸದ್ಯ" ಅಂದರು. ಆಮೇಲೆ ನಕ್ಕರು. "ಮಾರುವಾಗ ತೆಂಗಿನ ಮರ ಎಣಿಸ್ದೊ, ಬಾವಿ ಲೆಕ್ಕ ಹಿಡಿದೊ, ಕಲ್ಲು ಎಣಿಸ್ನಿಲ್ಲ ಕನಪ್ಪ." ಹದಿಮೂರು ವರ್ಷದಲ್ಲಿ ಅವರ ಬಾಯಲ್ಲಿ ಆ ಹೊಲದ ಮಾತು ಬಂದದ್ದು ಅವತ್ತು. ತಗೊಂಡು ಹೋಗು ಅಂದರು. ನಿಮಗೆ ಮಸೆಯೋಕೆ ಅಂದರೆ, ಸಂತೇಲಿ ಸಾಣೆಕಲ್ಲು ಸಿಗಲ್ವಾ ಅಂದರು.

ಇಷ್ಟಾದಮೇಲೆ ನಾನು ಲ್ಯಾಪ್‌ಟಾಪಿನಲ್ಲಿ ಮಾದರಿ ಬರೆಯಲು ಕೂತೆ. ಈ ಕೆಲಸದ ಸುಖವೇ ಬೇರೆ. ಆಫೀಸಿನಲ್ಲಿ ಬರೆಯುವ ಕೋಡನ್ನು ಕೈಯಲ್ಲಿ ಹಿಡಿಯಲು ಆಗುವುದಿಲ್ಲ, ಇದು ಬೆರಳಿಗೆ ಹಾಕಿಕೊಳ್ಳುವಂಥದ್ದು. ಕುರುಂದ ಒಡೆದರೆ ಕಂಬಕ್ಕೆ ಅಡ್ಡಲಾಗಿ, ಚಪ್ಪಟೆಯಾಗಿ ಒಡೆಯುವ ಸ್ವಭಾವದ್ದು. ಆ ಚಪ್ಪಟೆ ಮುಖದ ಮೇಲೇ ಅಪ್ಪ ಮಸೆಯುತ್ತಿದ್ದದ್ದು. ನಕ್ಷತ್ರ ಬರಬೇಕಾದರೆ ಹರಳಿನ ತಳವೂ ಕಂಬಕ್ಕೆ ಅಡ್ಡಲಾಗಿಯೇ ಇರಬೇಕು. ಅಂದರೆ ಅಪ್ಪನ ಮಸೆಯುವ ಮುಖ ಹಾಗೇ ಉಂಗುರದ ತಳವಾಗಬಹುದು! ಉಂಗುರದ ಹಿಂಬದಿ ತೆರೆದಿಟ್ಟು, ಆ ಕಪ್ಪು ಕಬ್ಬಿಣದ ಗೆರೆಗಳು ಅಳಿಸದಂತೆ ಬಿಟ್ಟು, ಅವು ಬೆರಳಿನ ಚರ್ಮಕ್ಕೆ ತಾಗುವಂತೆ ಮಾಡಿದೆ. ಮೇಲೆ ನಕ್ಷತ್ರ, ಕೆಳಗೆ ಕುಡುಗೋಲು. ನನ್ನ ಐಡಿಯಾಗೆ ನಾನೇ ಮಾರುಹೋಗಿ ರಾತ್ರಿ ಒಂದೂವರೆಗೆ ಇವಳಿಗೆ ಚಿತ್ರ ಕಳಿಸಿದೆ.

ಬೆಳಿಗ್ಗೆ ಫೋನ್ ಬಂತು. "ತುಂಬಾ ಚೆನ್ನಾಗಿದೆ. ಒಂದು ಮಾತು ಕೇಳ್ಲಾ? ಈ ಉಂಗುರ ನಂಗೋ, ನಿಂಗೋ?"

ನಾನು ಉತ್ತರ ಹೇಳುವ ಮುಂಚೆ ಅವಳೇ ಮುಂದುವರಿಸಿದಳು. "ನಿಮ್ಮ ಹೊಲ ಹೋದದ್ದು ನಂಗೂ ಬೇಜಾರೇ. ಆದ್ರೆ ಅದನ್ನ ದಿನಾ ಬೆರಳಲ್ಲಿ ಹೊತ್ಕೊಂಡು ಸ್ಟ್ಯಾಂಡಪ್ ಮೀಟಿಂಗಿಗೆ ಹೋಗೋಕಾಗಲ್ಲ ಕಣೋ. ನಾಳೆ ನಾವಿಬ್ರೂ ಜಗಳ ಆಡಿ ನಾನು ಉಂಗುರ ತೆಗೆದಿಟ್ಟೆ ಅಂದ್ಕೋ. ಆಗ ನಿಮ್ಮಪ್ಪನ್ನೇ ತೆಗೆದಿಟ್ಟಂಗೆ ಕಾಣ್ಬಾರ್ದು ನಿಂಗೆ."

ಎರಡು ದಿನ ನಮ್ಮ ಮಧ್ಯೆ ಆ ಪ್ರಶ್ನೆ ಹಾಗೇ ಇತ್ತು. ಮದುವೆಯೇ ಬೇಡ ಅನ್ನುವವರೆಗೆ ಹೋಗಲಿಲ್ಲ, ಆದರೆ ಉಂಗುರ ಬೇಡ, ಎಲೆ ಅಡಿಕೆ ಸಾಕು ಅನ್ನುವವರೆಗೆ ಹೋಗಿತ್ತು. ಮೂರನೇ ದಿನ ಕಾಫಿಗೆ ಕೂತಾಗ ಕಲ್ಲನ್ನು ಕೈಗೆ ತಗೊಂಡು ತಿರುಗಿಸಿ ನೋಡಿದಳು. "ಇದಕ್ಕೆ ಎರಡು ಕೊನೆ ಇದೆಯಲ್ಲ" ಅಂದಳು. "ಮಸೆಯೋ ಮುಖ ಮಾವಂದು. ಅದನ್ನ ಮುಟ್ಟಬೇಡ. ಈ ಕಡೆಯಿಂದ ಒಂದು ಬಿಲ್ಲೆ ಕೊಯ್ಸು, ಉಳಿದದ್ದು ಅವರಿಗೆ ವಾಪಸ್ ಕೊಡು. ನಂಗೆ ನಕ್ಷತ್ರ ಸಾಕು."

ಕಪ್ಪು ಗೆರೆ ಬಿಟ್ಟುಕೊಡಲು ನನಗೆ ಸಂಕಟವಾಯಿತು. ಈಗಲೂ ಆ ವಿನ್ಯಾಸ ಲ್ಯಾಪ್‌ಟಾಪಿನಲ್ಲಿದೆ, ಈಗಲೂ ಅದು ಚೆನ್ನಾಗಿದೆ ಅಂತಲೇ ನನ್ನ ಅಭಿಪ್ರಾಯ.

ಅಲ್ಲಿಂದ ಮುಂದೆ ಕ್ಲೈಂಟ್ ಅವಳು, ನಾನು ಡೆವಲಪರ್. ಅವಳ ಬೇಡಿಕೆ: ಕೀಬೋರ್ಡಿಗೆ ತೊಡಕಾಗಬಾರದು, ಸ್ವೆಟರಿನ ನೂಲಿಗೆ ಸಿಕ್ಕಬಾರದು, ಚಪಾತಿ ಹಿಟ್ಟು ಸಂದಿಗೆ ಸೇರಬಾರದು. ಅಂದರೆ ಹರಳು ಹಿಡಿಯುವ ಕಾಲುಗಳು ಬೇಡ, ಸುತ್ತ ಚಿನ್ನದ ಅಂಚು ಕಟ್ಟಿ ಅದನ್ನೇ ಹರಳಿನ ಮೇಲೆ ಒತ್ತಿ ಕೂರಿಸಬೇಕು. ಎತ್ತರ ಕಡಿಮೆ ಇರಬೇಕು. ಇಲ್ಲಿ ಭೌತಶಾಸ್ತ್ರ ಅಡ್ಡ ಬಂತು. ಗುಮ್ಮಟ ತೀರಾ ತಗ್ಗಾದರೆ ನಕ್ಷತ್ರ ಚೆದುರಿ ಮಸುಕಾಗುತ್ತದೆ. ಎಳೆದಾಡಿ 10 ಮಿ.ಮೀ. ಉದ್ದ, 8 ಅಗಲ, ನಾಲ್ಕೂವರೆ ಎತ್ತರಕ್ಕೆ ರಾಜಿಯಾದೆವು. ನಗರ್ತಪೇಟೆಯಲ್ಲಿ ಒಡವೆಯ ಮಾದರಿಗಳನ್ನು ಪ್ರಿಂಟ್ ಮಾಡಿಕೊಡುವವರು ಒಬ್ಬರಿದ್ದಾರೆ, ಅವರಿಂದ ಪ್ಲಾಸ್ಟಿಕ್ಕಿನ ಉಂಗುರ ಮಾಡಿಸಿದೆ. ಅದನ್ನು ಒಂದು ವಾರ ಹಾಕಿಕೊಂಡು ಓಡಾಡಿ ಶುಕ್ರವಾರ ನಾಲ್ಕು ದೋಷ ಪಟ್ಟಿ ಮಾಡಿ ಕಳಿಸಿದಳು. ಎರಡನೇ ಪ್ರಿಂಟಿಗೆ ಒಂದು. ಮೂರನೆಯದು ಪಾಸ್.

ಕಲ್ಲು ಕೊಯ್ದವರು ಅದೇ ಪೇಟೆಯ ಮೂರನೇ ಮಹಡಿಯಲ್ಲಿ ಚಿಕ್ಕ ಕೋಣೆಯಲ್ಲಿ ಕೂರುವ ಜೈಪುರದ ಹಿರಿಯರು. ಕೊಯ್ಯುವ ಮುಂಚೆ ಕಲ್ಲಿನ ಕೊನೆಯನ್ನು ಸ್ವಲ್ಪ ಉಜ್ಜಿ, ಅದರ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಮೇಲಿಂದ ಟಾರ್ಚ್ ಹಿಡಿದರು. ಎಣ್ಣೆಯ ಹನಿಯೇ ಒಂದು ಗಳಿಗೆಯ ಗುಮ್ಮಟ. ಅದರೊಳಗೆ ಮಸುಕಾಗಿ ಆರು ಗೆರೆ ಎದ್ದವು. ಕೊಟ್ಟಿಗೆಯ ಗೂಡಿನಲ್ಲಿ ಇಷ್ಟು ವರ್ಷ ಇದು ಕೂತಿತ್ತಲ್ಲ ಅಂತ ನನಗೆ ಮಾತು ಹೊರಡಲಿಲ್ಲ. ಅವರಿಗೆ ಇದು ದಿನದ ಕೆಲಸ, "ಸ್ಟಾರ್ ಹೈ" ಅಂದು ಬ್ಲೇಡಿಗೆ ನೀರು ಬಿಟ್ಟರು. ಕೊಯ್ಯುವಾಗ ಪದರ ಬಿಟ್ಟರೆ ನನ್ನ ಜವಾಬ್ದಾರಿ ಅಲ್ಲ ಅಂತ ಮೊದಲೇ ಹೇಳಿದ್ದರು. ವಜ್ರದ ಪುಡಿ ಕೂರಿಸಿದ ಬ್ಲೇಡು, ಏಕೆಂದರೆ ಇದನ್ನು ಕೊಯ್ಯಲು ಇದಕ್ಕಿಂತ ಗಡಸಾದದ್ದೇ ಬೇಕು. ಬಿಲ್ಲೆಯ ಅಂಚಿನಲ್ಲಿ ಒಂದು ಬಿರುಕು ಕಂಡಿತು, ಅದನ್ನು ಬಿಟ್ಟು ಗುರುತು ಹಾಕಿದರು. ಹಿಂಬದಿಯನ್ನು ದಪ್ಪಗೆ ಬಿಡಲಾ ಅಂತ ಕೇಳಿದರು. ಕ್ಯಾರೆಟ್ ಲೆಕ್ಕದಲ್ಲಿ ಮಾರುವವರು ತೂಕಕ್ಕೋಸ್ಕರ ತಳ ದಪ್ಪ ಬಿಡುತ್ತಾರಂತೆ. ನಾವು ಮಾರುವವರಲ್ಲ, ತೆಳ್ಳಗೆ ಮಾಡಿ ಅಂದೆ. ನಾಲ್ಕು ದಿನದ ನಂತರ ಸಿಕ್ಕಿದ ಹರಳಿನಲ್ಲಿ ಆರು ಕಿರಣಗಳಲ್ಲಿ ಒಂದು ಗಿಡ್ಡವಿತ್ತು, ಆ ಜಾಗದಲ್ಲಿ ಸೂಜಿಗಳು ಕಡಿಮೆ. ಅದು ಬಗ್ಗೋ ಫೀಚರ್ರೋ ಅನ್ನುವ ಹಳೇ ಜೋಕನ್ನು ಇಬ್ಬರೂ ಒಂದೊಂದು ಸಲ ಹೇಳಿ ಮುಗಿಸಿದೆವು.

ಚಿನ್ನದ ಕೆಲಸ ಬೇಗ ಆಯಿತು. ಉಂಗುರದ ಸುತ್ತು ತೆಳ್ಳಗಿದ್ದದ್ದರಿಂದ 22 ಕ್ಯಾರೆಟ್ ಬಿಟ್ಟು ಗಟ್ಟಿಯಾದ 18ರಲ್ಲಿ ಮಾಡಿಸಿದೆವು. ಬೆಸುಗೆ ಎಲ್ಲ ಮುಗಿದ ಮೇಲೆ ಹರಳು ಕೂರಿಸಿದರು. ಒಳಗೆ ಹಾಲ್‌ಮಾರ್ಕ್, ಆರು ಅಕ್ಷರ-ಅಂಕಿಯ ಗುರುತು. ಆ ಗುರುತು ಚಿನ್ನಕ್ಕೆ ಮಾತ್ರ. ಬಿಲ್ಲಿನಲ್ಲಿ ಹರಳಿನ ಎದುರಿಗೆ "ಗ್ರಾಹಕರದ್ದು" ಅಂತ ಬರೆದು ಬೆಲೆಯ ಜಾಗದಲ್ಲಿ ಸೊನ್ನೆ ಹಾಕಿದ್ದರು.

ಅವ್ವನಿಗೆ ಕೊನೇ ಗಳಿಗೆಯಲ್ಲಿ ಭಯ ಶುರುವಾಯಿತು. ಮಾಣಿಕ್ಯ ಸೂರ್ಯನದು, ಎಲ್ಲಾ ರಾಶಿಗೂ ಆಗಿಬರಲ್ಲ ಅಂತ ಯಾರೋ ಹೇಳಿದ್ದರು. ಶಾಸ್ತ್ರ ಕೇಳಿಸೋಣ ಅಂದಳು, ಎರಡು ದಿನ ಊಟ ಸೇರಲಿಲ್ಲ. ಆಮೇಲೆ ತಾನೇ ದಾರಿ ಕಂಡುಕೊಂಡಳು. "ಇಪ್ಪತ್ತೊರ್ಸ ನಮ್ಮ ಕೊಟ್ಟಿಗೇಲಿತ್ತಲ್ಲ, ದನಗಳಿಗೇ ಏನೂ ಆಗ್ನಿಲ್ಲ" ಅಂದಳು. ನನಗೆ ಗೊತ್ತಿರುವ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಟೆಸ್ಟಿಂಗ್ ಯಾವ ಕಂಪನಿಯೂ ಮಾಡುವುದಿಲ್ಲ. ಕೃತಕ ಮಾಣಿಕ್ಯವಂತೂ ಅಪ್ಪನ ಮೈಮೇಲೇ ಇತ್ತು. ಅವರ ಹಳೇ ಎಚ್‌ಎಂಟಿ ವಾಚಿನ ಮುಖದಲ್ಲಿ 17 ಜ್ಯೂಯೆಲ್ಸ್ ಅಂತ ಬರೆದಿದೆಯಲ್ಲ, ಚಕ್ರಗಳು ಸವೆಯದಂತೆ ಒಳಗೆ ಕೂರಿಸುವ ಪುಟಾಣಿ ಹರಳುಗಳು ಅವು. ಫ್ರಾನ್ಸಿನ ವೆರ್ನೂಯಿ 1902ರಲ್ಲಿ ಮಾಣಿಕ್ಯವನ್ನು ಕುಲುಮೆಯಲ್ಲಿ ಬೆಳೆಸುವ ವಿಧಾನ ಪ್ರಕಟಿಸಿದ್ದರಿಂದಲೇ ರೈತನ ಕೈಗಡಿಯಾರಕ್ಕೂ ಅದು ಬಂದದ್ದು. ಅವ್ವನಿಗೆ ಇದನ್ನು ಹೇಳಲಿಲ್ಲ, ವಾಚೂ ಬಿಚ್ಚಿಸುತ್ತಿದ್ದಳು.

ನಿಶ್ಚಿತಾರ್ಥದ ಹಾಲಿನಲ್ಲಿ ನಾಲ್ಕೂ ದಿಕ್ಕಿಗೆ ದೀಪ, ಹಾಗಾಗಿ ನಕ್ಷತ್ರ ಬರಲೇ ಇಲ್ಲ. ಇವಳ ಕಡೆಯ ಚಿಕ್ಕಮ್ಮ ಒಬ್ಬರು ಕೈ ಹಿಡಿದು ನೋಡಿ, ಏನೂ ಹೇಳದೆ ಸೀರೆ ಚೆನ್ನಾಗಿದೆ ಅಂದರು. ಆಫೀಸಿನ ಬೆಳಕಿನಲ್ಲೂ ಅದು ಬರಿಯ ಕಂದು ಕಲ್ಲು. ಒಂದೇ ಬೆಳಕು ಬೇಕು ಅದಕ್ಕೆ, ಬಿಸಿಲೋ ಟಾರ್ಚೋ. ಸಂಜೆ ಸ್ಕೂಟರಿನಲ್ಲಿ ಬರುವಾಗ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ, ಹಿಂದೆ ಕೂತವಳು ನನ್ನ ಭುಜದ ಮೇಲಿಂದ ಕೈ ಮುಂದೆ ಚಾಚಿ ತೋರಿಸುತ್ತಾಳೆ. ಸಿಗ್ನಲ್ಲು ಅಷ್ಟು ಹೊತ್ತು ಇರುವುದರಿಂದ ಆದ ಒಂದೇ ಲಾಭ ಇದು.

ಮದುವೆಯಾಗಿ ಊರಿಗೆ ಹೋದಾಗ ಉಳಿದ ಕಲ್ಲನ್ನು ಅಪ್ಪನಿಗೆ ಕೊಟ್ಟೆವು. ರಾತ್ರಿ ಕರೆಂಟು ಹೋದಾಗ ಇವಳು ಉಂಗುರ ಬಿಚ್ಚಿ ಅವರ ಕೈಗಿಟ್ಟು ಟಾರ್ಚ್ ಬಿಟ್ಟಳು. ಅಪ್ಪ ಉಂಗುರವನ್ನು ಅತ್ತಿತ್ತ ಒಲಿಸಿ ನಕ್ಷತ್ರ ಓಡಾಡುವುದನ್ನು ತುಂಬಾ ಹೊತ್ತು ನೋಡಿದರು. "ಹಳ್ಳದ ಹೊಲ್ದು" ಅಂದರು ಇವಳಿಗೆ, ಅವಳಿಗೆ ಗೊತ್ತಿಲ್ಲ ಅನ್ನುವ ಹಾಗೆ. "ಹೂಂ ಮಾವ" ಅಂದಳು. ಮಾರನೇ ದಿನ ಸಂಜೆ ಕೊಟ್ಟಿಗೆಯಿಂದ ಮಸೆಯುವ ಸದ್ದು ಕೇಳಿಸಿತು, ನಡುನಡುವೆ ನಿಲ್ಲುತ್ತಿತ್ತು. ಹೋಗಿ ನೋಡಿದರೆ ಅಪ್ಪ ಕಲ್ಲನ್ನು ಬೆರಳುಗಳಲ್ಲಿ ಬೇರೆ ಬೇರೆ ಥರ ಹಿಡಿದು ನೋಡುತ್ತಿದ್ದರು. "ಗಿಡ್ಡ ಮಾಡ್ಬುಟ್ರಲ್ಲ ಕನ್ಲಾ, ಹಿಡಿತಕ್ಕೇ ಸಿಕ್ಕಕಿಲ್ಲ" ಅಂತ ನನ್ನನ್ನು ಬೈದು, ಹೆಬ್ಬೆಟ್ಟು ಒತ್ತಿಕೊಂಡು ಮತ್ತೆ ಮಸೆಯತೊಡಗಿದರು.